ತಪ್ಪಿಗೊಂದು ಸೂಜಿ

1980ರ ದಶಕದ ಮೊದಲ ವರ್ಷಗಳಲ್ಲಿ ಮಳವಳ್ಳಿಯ ಯಾವ ಆಪರೇಷನ್ ಥಿಯೇಟರಿಗೆ ಹೋದರೂ ಅರಿವಳಿಕೆಯ ಟ್ರೇ ಹೆಚ್ಚುಕಮ್ಮಿ ಒಂದೇ ಥರ ಇರುತ್ತಿತ್ತು. ಮಡಚಿದ ಹಸಿರು ಬಟ್ಟೆ, ಕುದಿಸಿದ ಗಾಜಿನ ಸಿರಿಂಜುಗಳು, ಆಂಪೂಲಿನ ಕತ್ತು ಕೊಯ್ಯಲು ಒಂದು ಪುಟ್ಟ ಅರ. ಅಟ್ರೋಪಿನ್, ಪೆಥಿಡಿನ್, ಫೆನರ್ಗಾನ್, ಕಾಂಪೋಸ್. ಝೈಲೋಕೇನ್ 2 ಪರ್ಸೆಂಟಿನ ಎರಡು ವಯಲ್, ಒಂದು ಬರೀ ಔಷಧ, ಇನ್ನೊಂದು ಅಡ್ರಿನಲಿನ್ ಬೆರೆತದ್ದು. ಬೆನ್ನಿಗೆ ಕೊಡುವ 5 ಪರ್ಸೆಂಟಿನ ‘ಹೆವಿ’. ಬಿ.ಪಿ. ಇಳಿದರೆ ಇರಲಿ ಎಂದು ಮೆಫೆಂಟಿನ್. ಒಂದು ಮೂಲೆಯಲ್ಲಿ ಕೆಟಮಿನ್, ಕೆಳಗಿನ ಶೆಲ್ಫಿನಲ್ಲಿ ಕಂದು ಬಾಟಲಿಯ ಈಥರ್.

ಪುಸ್ತಕಗಳು ಇವನ್ನು ಗುಂಪು ಕಟ್ಟಿ ಕಲಿಸುತ್ತವೆ: ನೋವು ನೀಗುವವು, ನಿದ್ದೆ ತರುವವು, ಜೊಲ್ಲು ಒಣಗಿಸುವವು. ಪರೀಕ್ಷೆಗೆ ಅದು ಸರಿ. ಆದರೆ ಇಷ್ಟು ವರ್ಷ ಈ ಟ್ರೇಯ ಪಕ್ಕ ನಿಂತವಳಿಗೆ ಅದು ಬೇರೆ ರೀತಿ ಕಾಣುತ್ತದೆ. ಅದರಲ್ಲಿರುವ ಅರ್ಧಕ್ಕಿಂತ ಹೆಚ್ಚು ಸೂಜಿಗಳು ಹುಟ್ಟಿದ್ದು ಇನ್ನೊಂದು ಔಷಧ ಮಾಡುವ ಅವಾಂತರವನ್ನು ತಡೆಯಲು. ಯಾವುದು ಯಾವುದರ ತಪ್ಪಿಗೆ ಬಂತು ಎಂದು ಹುಡುಕುತ್ತ ಹೋದರೆ ಅರಿವಳಿಕೆಯ ಚರಿತ್ರೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ನಾನು ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಈ ಕೆಲಸ ಕಲಿತವಳು. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂದ ಮೆಡಿಕಲ್ ಕಾಲೇಜು ಅದರ ಜೊತೆಗಿನದು. ಕಲಿತು ಮುಗಿಸಿ ಮಂಡ್ಯದಲ್ಲಿ ಮನೆ ಮಾಡಿದೆ. ಆಗ ಮದ್ದೂರು, ಮಳವಳ್ಳಿಯಂಥ ಊರುಗಳಲ್ಲಿ ಕುಯ್ಯುವ ಡಾಕ್ಟರು ಇರುತ್ತಿದ್ದರು, ಮತ್ತು ಕೊಡುವವರು ಇರುತ್ತಿರಲಿಲ್ಲ. ಫೋನು ಬಂದರೆ ಚೀಲ ಹಿಡಿದು ಬಸ್ಸು ಹತ್ತಬೇಕು. ಚೀಲದಲ್ಲಿ ಲಾರಿಂಗೋಸ್ಕೋಪು, ಟ್ಯೂಬುಗಳು, ಅಂಬು ಬ್ಯಾಗು, ಅಂಗಡಿಯಲ್ಲಿ ಸಿಗದ ನಾಲ್ಕಾರು ಆಂಪೂಲು. ಮಳವಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಯಾರಾದರೂ ಒಬ್ಬರು ಗುರುತು ಹಿಡಿದು ಪಕ್ಕದವರಿಗೆ ಹೇಳುತ್ತಿದ್ದರು: “ಮತ್ತು ಕೊಡೋ ಡಾಕ್ಟ್ರಮ್ಮ ಬಂದವ್ರೆ, ಯಾರ್ದೋ ಆಪ್ರೇಸನ್ ಅದೆ.”

ಮಳವಳ್ಳಿಯ ಹೆಸರು ಇಂಗ್ಲಿಷರ ಯುದ್ಧದ ಪುಸ್ತಕಗಳಲ್ಲಿ ಸಿಗುವುದು 1799ರ ಮಾರ್ಚ್ 27ರ ದಿನಕ್ಕೆ. ಜನರಲ್ ಹ್ಯಾರಿಸನ ಸೈನ್ಯ ಶ್ರೀರಂಗಪಟ್ಟಣದ ಕಡೆ ನಡೆದು ಬರುತ್ತಿದ್ದಾಗ ಟಿಪ್ಪು ಅದನ್ನು ಎದುರಿಸಿದ್ದು ಇಲ್ಲಿ. ಸೋತು ಹಿಂದೆ ಸರಿದ. ಮೇ 4ಕ್ಕೆ ಪಟ್ಟಣ ಬಿತ್ತು. ನನಗೆ ಆ ಯುದ್ಧ ನೆನಪಾಗುವುದು ಸಂಜೆಯ ಹೊತ್ತಿನ ಗಾಯಾಳುಗಳ ಲೆಕ್ಕಕ್ಕೆ. ಗುಂಡು ತಗುಲಿ ನುಜ್ಜಾದ ಕೈಕಾಲಿಗೆ ಆ ಕಾಲದ ಸಾಮಾನ್ಯ ಚಿಕಿತ್ಸೆ ಕತ್ತರಿಸುವುದು. ಅಫೀಮು, ಹೆಂಡ, ಅದುಮಿ ಹಿಡಿಯಲು ನಾಲ್ಕು ಜನ, ಕೈ ಚುರುಕಾದ ಒಬ್ಬ ಸರ್ಜನ್. ಅದೇ ವಸಂತದಲ್ಲಿ, ಅಂದರೆ ಮಳವಳ್ಳಿ ಯುದ್ಧದ ಮರುತಿಂಗಳು, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹಂಫ್ರಿ ಡೇವಿ ಎಂಬ ಇಪ್ಪತ್ತರ ಹುಡುಗ ನೈಟ್ರಸ್ ಆಕ್ಸೈಡ್ ಸೇದಿ ನಕ್ಕು ನಲಿಯುತ್ತಿದ್ದ. ಇದು ನೋವನ್ನು ಅಳಿಸುವಂತೆ ಕಾಣುತ್ತದೆ, ಶಸ್ತ್ರಚಿಕಿತ್ಸೆಗೆ ಬಳಸಬಹುದೇನೋ ಎಂದು 1800ರಲ್ಲಿ ಪುಸ್ತಕದಲ್ಲೂ ಬರೆದ. ಒಬ್ಬ ಸರ್ಜನನೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಗ್ಯಾಸು ಜಾತ್ರೆಯ ಮೋಜಾಗಿಯೇ ಉಳಿಯಿತು.

ಇದಕ್ಕೂ ಮುಂಚೆ, 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕೊವಾಸ್‌ಜಿ ಎಂಬ ಮರಾಠ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕಿಬಿದ್ದು ಮೂಗು ಕಳೆದುಕೊಂಡ. ಪುಣೆಯ ಕಡೆಯ ಒಬ್ಬ ವೈದ್ಯ ಹಣೆಯ ಚರ್ಮ ಬಗ್ಗಿಸಿ ಹೊಸ ಮೂಗು ಕಟ್ಟಿದ ಕಥೆ ಚಿತ್ರ ಸಮೇತ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಝೀನ್’ನ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಬಂತು. ಅದನ್ನು ಓದಿ ಇಂಗ್ಲೆಂಡಿನಲ್ಲಿ ಕಾರ್ಪ್ಯೂ ಎಂಬ ಸರ್ಜನ್ 1814ರಲ್ಲಿ ಅದೇ ಆಪರೇಷನ್ ಮಾಡಿದ. ಪ್ಲಾಸ್ಟಿಕ್ ಸರ್ಜರಿಯವರು ಈ ಕಥೆಯನ್ನು ಹೆಮ್ಮೆಯಿಂದ ಹೇಳುತ್ತಾರೆ. ಹಣೆಯ ಚರ್ಮ ಸುಲಿಯುವಾಗ ಕೊವಾಸ್‌ಜಿ ಹೇಗೆ ತಡೆದುಕೊಂಡ ಎಂಬುದನ್ನು ಕೇಳುವವರು ನಮ್ಮ ವಿಭಾಗದವರು ಮಾತ್ರ.

ಈಥರ್ 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ಎಲ್ಲರೆದುರು ಗೆದ್ದಿತು. ಆರು ತಿಂಗಳು ತುಂಬುವುದರೊಳಗೆ ಕಲ್ಕತ್ತಕ್ಕೆ ಬಂತು. 1847ರ ನವೆಂಬರಿನಲ್ಲಿ ಎಡಿನ್‌ಬರೋದ ಸಿಂಪ್ಸನ್ ಕ್ಲೋರೋಫಾರಂ ತಂದ. ಎರಡಕ್ಕೂ ತಮ್ಮ ತಮ್ಮ ಚಾಳಿ. ಈಥರ್ ಗಂಟಲಿಗೆ ಘಾಟು, ಬಾಯಿ ತುಂಬ ಜೊಲ್ಲು, ಉಸಿರಿನ ದಾರಿಯಲ್ಲೆಲ್ಲ ಲೋಳೆ. ಮೇಲಾಗಿ ಬೆಂಕಿ ಕಂಡರೆ ಹೊತ್ತಿಕೊಳ್ಳುತ್ತದೆ. ಪೆಟ್ರೊಮ್ಯಾಕ್ಸ್ ಬೆಳಕಿನ ಆಸ್ಪತ್ರೆಯಲ್ಲಿ ಇದು ಸಣ್ಣ ಮಾತಲ್ಲ. (1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದದ್ದು ಇದೇ ಮಳವಳ್ಳಿ ತಾಲೂಕಿನ ಶಿವನಸಮುದ್ರದಿಂದ. ನಾನು ಬಂದ ಕಾಲದಲ್ಲೂ ಮಳವಳ್ಳಿಯಲ್ಲಿ ಹೊಟ್ಟೆ ತೆರೆದಿಟ್ಟ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು.) ಕ್ಲೋರೋಫಾರಂ ಹೊತ್ತಿಕೊಳ್ಳುವುದಿಲ್ಲ, ಸಿಹಿ ವಾಸನೆ, ಒಂದು ಕರವಸ್ತ್ರ ಸಾಕು. ಆದರೆ ಇದ್ದಕ್ಕಿದ್ದಂತೆ ಹೃದಯ ನಿಲ್ಲಿಸುತ್ತಿತ್ತು. 1848ರ ಜನವರಿ 28ರಂದು ನ್ಯೂಕಾಸಲ್ ಹತ್ತಿರ ಹದಿನೈದು ವರ್ಷದ ಹಾನಾ ಗ್ರೀನರ್ ಎಂಬ ಹುಡುಗಿ ಕಾಲಿನ ಉಗುರು ತೆಗೆಸಿಕೊಳ್ಳಲು ಕುಳಿತವಳು ಎರಡು ಮೂರು ನಿಮಿಷದಲ್ಲಿ ಸತ್ತಳು. ಹೋಗುವ ಮುಂಚೆ ತುಂಬ ಹೆದರಿದ್ದಳು, ಅಳುತ್ತಿದ್ದಳು. ಈ ವಿವರವನ್ನು ನೆನಪಿಟ್ಟುಕೊಳ್ಳಿ.

ಕ್ಲೋರೋಫಾರಂ ಕೊಲ್ಲುವುದು ಹೃದಯ ನಿಲ್ಲಿಸಿಯೋ ಉಸಿರು ನಿಲ್ಲಿಸಿಯೋ ಎಂಬ ಜಗಳಕ್ಕೆ ಹಣ ಕೊಟ್ಟವನು ನಮ್ಮ ಪಕ್ಕದ ದೊರೆ, ಹೈದರಾಬಾದಿನ ನಿಜಾಮ. ಆಗ ಕಲಬುರಗಿ, ರಾಯಚೂರು, ಬೀದರ್ ಎಲ್ಲ ಅವನವೇ. 1888ರಲ್ಲಿ ಒಂದು, 1889ರಲ್ಲಿ ಇನ್ನೊಂದು ಕ್ಲೋರೋಫಾರಂ ಕಮಿಷನ್ ಕೂತವು. ಎಡ್ವರ್ಡ್ ಲಾರಿ ಎಂಬ ಸರ್ಜನ್ ಮುಂದೆ ನಿಂತು ನಡೆಸಿದ. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ, ಉಸಿರನ್ನು ಕಾದರೆ ಸಾಕು, ಹೃದಯದ ಚಿಂತೆ ಬೇಡ ಎಂದು ತೀರ್ಮಾನ ಕೊಟ್ಟರು. ಅರ್ಧ ಸರಿ, ಅರ್ಧ ತಪ್ಪು. ಆ ಕೆಲಸದಲ್ಲಿ ಜೊತೆಗಿದ್ದ ರೂಪಾಬಾಯಿ ಫರ್ದೂನ್‌ಜಿ ಹೈದರಾಬಾದಿನಲ್ಲಿ ಕ್ಲೋರೋಫಾರಂ ಕೊಡುತ್ತಿದ್ದ ಪಾರ್ಸಿ ಹೆಂಗಸು. ಲೋಕದ ಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಅವರನ್ನು ಎಣಿಸುತ್ತಾರೆ. ಓದುವಾಗ ನಮಗೆ ಯಾರೂ ಈ ಹೆಸರು ಹೇಳಿಕೊಡಲಿಲ್ಲ. ಸಿಂಪ್ಸನ್, ಸ್ನೋ, ಮಾರ್ಟನ್ ಎಂಬ ಪಶ್ಚಿಮದವರ ಹೆಸರು ಬಾಯಿಪಾಠವಾಗಿತ್ತು.

ಸರಿಯಾದ ಉತ್ತರ ಬರಲು 1911ರವರೆಗೆ ಕಾಯಬೇಕಾಯಿತು. ಗುಡ್‌ಮನ್ ಲೆವಿ ಎಂಬಾತ ಬೆಕ್ಕುಗಳ ಮೇಲೆ ತೋರಿಸಿದ: ಕ್ಲೋರೋಫಾರಂ ಅರೆಬರೆ ಏರಿದಾಗ ಮೈಯಲ್ಲಿ ಅಡ್ರಿನಲಿನ್ ಉಕ್ಕಿದರೆ ಹೃದಯ ಬಡಿಯುವುದು ಬಿಟ್ಟು ಅದುರಲು ಶುರುಮಾಡುತ್ತದೆ. ಅಡ್ರಿನಲಿನ್ ಉಕ್ಕುವುದು ಭಯಕ್ಕೆ. ಹಾನಾ ಗ್ರೀನರಳ ಅಳು ಇಲ್ಲಿ ಅರ್ಥವಾಗುತ್ತದೆ. ಹೆದರಿದವರಿಗೆ ಕ್ಲೋರೋಫಾರಂ ಹೆಚ್ಚು ಅಪಾಯ ಎಂಬುದು ಹಳೆಯ ಡಾಕ್ಟರುಗಳಿಗೆ ಅನುಭವದಿಂದ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ.

ಆಪರೇಷನ್ನಿಗೆ ಮುಂಚಿನ ಸೂಜಿ, ಅಂದರೆ ಪ್ರೀಮೆಡಿಕೇಷನ್, ಹುಟ್ಟಿದ್ದು ಈಥರ್, ಕ್ಲೋರೋಫಾರಂ ಎರಡರ ನಡುವಿನ ಇಕ್ಕಟ್ಟಿನಲ್ಲಿ. 1860ರ ದಶಕದಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಮೊದಲು ಮಾರ್ಫಿನ್ ಕೊಟ್ಟರೆ ಕ್ಲೋರೋಫಾರಂ ಕಮ್ಮಿ ಸಾಕಾಗುತ್ತದೆ ಎಂದು ನಾಯಿಗಳಲ್ಲಿ ಕಂಡ. 1880ರ ಹೊತ್ತಿಗೆ ಅಲ್ಲಿನವರೇ ಅದಕ್ಕೆ ಅಟ್ರೋಪಿನ್ ಸೇರಿಸಿದರು. ಹೃದಯವನ್ನು ಮಂದಗೊಳಿಸುವ ವೇಗಸ್ ನರವನ್ನು ಅಟ್ರೋಪಿನ್ ತಡೆಯುತ್ತದೆ, ಹಾಗೆಯೇ ಜೊಲ್ಲನ್ನೂ ಒಣಗಿಸುತ್ತದೆ. ಒಂದೇ ಆಂಪೂಲು ಕ್ಲೋರೋಫಾರಂ ಚಾಳಿಗೂ ಆಯಿತು, ಈಥರ್ ಚಾಳಿಗೂ ಆಯಿತು. ಮಾರ್ಫಿನ್ ಭಯಕ್ಕೆ. ಮುಂದೆ 1939ರಲ್ಲಿ ಜರ್ಮನಿಯಿಂದ ಪೆಥಿಡಿನ್ ಬಂತು; ಅದು ತರುವ ವಾಂತಿಗೆ ಫೆನರ್ಗಾನ್ ಸೇರಿತು. 1960ರ ದಶಕದ ಡಯಜಿಪಾಮ್ ನಮ್ಮಲ್ಲಿ ಕಾಂಪೋಸ್ ಹೆಸರಿನಲ್ಲಿ ಹಿಂದಿನ ರಾತ್ರಿಯ ಮಾತ್ರೆಯಾಯಿತು. ನಾನು ಕಲಿಯುವಾಗ ಪೆಥಿಡಿನ್, ಫೆನರ್ಗಾನ್, ಅಟ್ರೋಪಿನ್ ಮೂರನ್ನೂ ಥಿಯೇಟರಿಗೆ ತರುವ ಮುಕ್ಕಾಲು ಗಂಟೆ ಮುಂಚೆ ಮಾಂಸಖಂಡಕ್ಕೆ ಚುಚ್ಚುವುದು ನೇಮ. ವಾರ್ಡಿನ ಸಿಸ್ಟರ್ ಮರೆತರೆ ಸರ್ಜನ್ ಕೇಸು ಮುಂದೂಡುತ್ತಿದ್ದರು.

ಆ ಸೂಜಿ ಬಿದ್ದ ಅರ್ಧ ಗಂಟೆಗೆ ರೋಗಿಯ ಬಾಯಿ ಆರುತ್ತದೆ. ಮೊದಲೇ ರಾತ್ರಿಯಿಂದ ಉಪವಾಸ, ನೀರೂ ಇಲ್ಲ. “ನಾಲ್ಗೆ ಅಂಗುಳಕ್ಕೆ ಅಂಟ್ಕತು ಕನವ್ವಾ, ಒಂದು ಗುಟುಕು ನೀರ್ ಕೊಡವ್ವಾ” ಎಂದು ಮುದುಕರು ಕೈ ಮುಗಿಯುತ್ತಿದ್ದರು. ಕೊಡುವಂತಿಲ್ಲ. ಈ ಉಪವಾಸದ ಚರಿತ್ರೆ ಬೇರೆಯದೇ. ಸುಶ್ರುತ ಸಂಹಿತೆ ಆಪರೇಷನ್ನಿಗೆ ಮುಂಚೆ ರೋಗಿಗೆ ಉಣ್ಣಿಸಿ, ಕುಡಿಯುವವನಾದರೆ ಮದ್ಯ ಕೊಡಲು ಹೇಳುತ್ತದೆ. ನೋವಿಗೆ ಮೂರ್ಛೆ ಹೋಗದಿರಲಿ ಎಂದು. ಆ ಕಾಲಕ್ಕೆ ಅದು ಸರಿ, ಏಕೆಂದರೆ ರೋಗಿಗೆ ಕೆಮ್ಮುವ ಶಕ್ತಿ ಇರುತ್ತಿತ್ತು. ಪ್ರಜ್ಞೆ ಪೂರ್ತಿ ತಪ್ಪಿಸಿದಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. 1946ರಲ್ಲಿ ನ್ಯೂಯಾರ್ಕಿನ ಮೆಂಡೆಲ್ಸನ್ 44,016 ಬಾಣಂತಿಯರ ದಾಖಲೆ ತೆಗೆದು 66 ಮಂದಿಗೆ ಹೀಗಾಗಿದೆ ಎಂದು ತೋರಿಸಿದ ಮೇಲೆ ಉಪವಾಸ ಕಟ್ಟುನಿಟ್ಟಾಯಿತು. ಮಂಡ್ಯ ಸೀಮೆಯಲ್ಲಿ ಇದನ್ನು ಜಾರಿ ಮಾಡುವುದು ಒಂದು ಸಾಹಸ. “ಊಟ ಮಾಡಿದ್ಯೇನಪ್ಪ?” ಎಂದರೆ “ಇಲ್ಲ ಕನಮ್ಮ” ಎನ್ನುತ್ತಾರೆ, ಮುದ್ದೆ ತಿಂದಿದ್ಯಾ ಎಂದು ಬಿಡಿಸಿ ಕೇಳಿದರೆ “ಒಂದೇ ಒಂದು ಮುದ್ದೆ, ಬೆಳಿಗ್ಗೆ” ಎಂದು ಹೊರಬೀಳುತ್ತದೆ. ಊಟ ಎಂದರೆ ಅನ್ನ. ಮುದ್ದೆ ತಿನ್ನದೆ ಆಪರೇಷನ್ ತಡೆಯಲು ಶಕ್ತಿ ಎಲ್ಲಿಂದ ಬರಬೇಕು? ಅವರ ತರ್ಕ ಸುಶ್ರುತನದೇ.

ಅಟ್ರೋಪಿನ್ ವಿಷಯ ಇನ್ನೊಂದಿಷ್ಟು ಹೇಳಬೇಕು, ಏಕೆಂದರೆ ಅದು ಈ ನೆಲದ ಔಷಧ. ಮೂಲ ಯೂರೋಪಿನ ಬೆಲ್ಲಡೋನ ಗಿಡವಾದರೂ, ಅದೇ ಗುಂಪಿನ ಸತ್ವಗಳು ನಮ್ಮ ಬೇಲಿಯ ಉಮ್ಮತ್ತಿ ಗಿಡದಲ್ಲಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ದಾರಿಹೋಕರಿಗೆ ಉಮ್ಮತ್ತಿ ಬೀಜ ಬೆರೆಸಿದ ತಿಂಡಿ ಕೊಟ್ಟು ದೋಚುವುದು ಪೊಲೀಸರಿಗೆ ಪರಿಚಿತವಾಗಿದ್ದ ಅಪರಾಧ. ಉಮ್ಮತ್ತಿ ಕಾಯಿ ತಿಂದ ಮಕ್ಕಳು ಆಸ್ಪತ್ರೆಗೆ ಬಂದಾಗ ಕಣ್ಣಿನ ಪಾಪೆ ಅಗಲ, ಮೈ ಕೆಂಡ, ಚರ್ಮ ಒಣಕಲು, ಇಲ್ಲದ ನೂಲನ್ನು ಗಾಳಿಯಲ್ಲಿ ಎಳೆಯುವ ಬೆರಳುಗಳು. ಇದೇ ಚಿತ್ರ ನಮ್ಮ ಪಕ್ಕದ ವಾರ್ಡಿನಲ್ಲಿ ದೊಡ್ಡವರಲ್ಲೂ ಕಾಣುತ್ತಿತ್ತು. ಕಾರಣ ಫಾಲಿಡಾಲ್, ಟಿಕ್ ಟ್ವೆಂಟಿಯಂಥ ಕೀಟನಾಶಕ ಕುಡಿದವರಿಗೆ ಕೊಟ್ಟ ಅಟ್ರೋಪಿನ್.

ಕಬ್ಬು, ಭತ್ತ, ಹಿಪ್ಪುನೇರಳೆಯ ಸೀಮೆ ಇದು. ಕೀಟನಾಶಕ ಎಲ್ಲರ ಮನೆಯಲ್ಲೂ ಇರುತ್ತದೆ, ಸಾಲವೂ. ಆರ್ಗನೋಫಾಸ್ಫೇಟ್ ಕುಡಿದವರ ಶ್ವಾಸಕೋಶ ನೀರು ತುಂಬಿಕೊಂಡು ಅವರು ಒಳಗೇ ಮುಳುಗಿ ಸಾಯುತ್ತಾರೆ. ಅದಕ್ಕೆ ಎದುರು ಮದ್ದು ಅಟ್ರೋಪಿನ್. ನನ್ನ ಟ್ರೇಯಲ್ಲಿ ಒಬ್ಬ ರೋಗಿಗೆ 0.6 ಮಿಲಿಗ್ರಾಮಿನ ಒಂದು ಆಂಪೂಲ್. ಪಕ್ಕದ ವಾರ್ಡಿನಲ್ಲಿ ಒಬ್ಬ ರೈತನಿಗೆ ಒಂದೇ ರಾತ್ರಿ ಡಬ್ಬಗಟ್ಟಲೆ ಒಡೆಯಬೇಕು, ಶ್ವಾಸಕೋಶ ಒಣಗುವವರೆಗೆ. ಆಮೇಲೆ ಅವನು ಎದ್ದು ಮಂಚಕ್ಕೆ ಕಟ್ಟಿದ ಕೈ ಬಿಡಿಸಿಕೊಳ್ಳಲು ಹೆಣಗುತ್ತ ಎಲ್ಲರನ್ನೂ ಬೈಯುತ್ತಿದ್ದ. ಮನೆಯವರು ಗಾಳಿ ಮೆಟ್ಟಿದೆ ಎಂದು ತಾಯತ ತರಲು ಓಡುತ್ತಿದ್ದರು. ನಾವು ಮದ್ದು ಸರಿಯಾಗಿ ಹಿಡಿದಿದೆ ಎಂದು ನೆಮ್ಮದಿಪಡುತ್ತಿದ್ದೆವು. ಗದ್ದೆಯಲ್ಲಿ ನಾಗರಹಾವು ಕಚ್ಚಿ ರೆಪ್ಪೆ ಜೋತುಬಿದ್ದವರಿಗೂ ನಿಯೋಸ್ಟಿಗ್ಮಿನ್ ಕೊಡುವ ಮುಂಚೆ ಅಟ್ರೋಪಿನ್ ಬೇಕು. ಮಳವಳ್ಳಿಯಂಥ ಊರಿನಲ್ಲಿ ಎಷ್ಟೋ ಸಲ ಆಪರೇಷನ್ ನಿಂತದ್ದು ಅಟ್ರೋಪಿನ್ ಮುಗಿದುಹೋಗಿ, ಮುಗಿದದ್ದು ಹಿಂದಿನ ರಾತ್ರಿ ಯಾರೋ ವಿಷ ಕುಡಿದು.

ಇನ್ನು ಊರಿಗೆ ಆಪರೇಷನ್ ಎಂಬುದನ್ನೇ ತಂದುಕೊಟ್ಟ ಔಷಧದ ಕಡೆಗೆ. ಯಂತ್ರವಿಲ್ಲದೆ, ಆಕ್ಸಿಜನ್ ಸಿಲಿಂಡರು ಸರಿಯಾಗಿ ಬರದ ಊರಿನಲ್ಲಿ ಪೂರ್ತಿ ಪ್ರಜ್ಞೆ ತಪ್ಪಿಸುವುದಕ್ಕೆ ಗುಂಡಿಗೆ ಬೇಕು. ಬೇಕಾದ ಜಾಗವನ್ನಷ್ಟೇ ಮರಗಟ್ಟಿಸುವ ಔಷಧ ಬಂದ ಮೇಲೆ ತಾಲೂಕು ಆಸ್ಪತ್ರೆಯ ಸರ್ಜನ್‌ಗೆ ಧೈರ್ಯ ಬಂತು. ಇದರ ಮೂಲಪುರುಷ ಕೊಕೇನ್. 1884ರ ಸೆಪ್ಟೆಂಬರಿನಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕಣ್ಣಿಗೆ ಕೊಕೇನ್ ಹನಿ ಹಾಕಿದರೆ ಕಣ್ಣು ಮರಗಟ್ಟುತ್ತದೆ ಎಂದು ಬರೆದ ಲೇಖನವನ್ನು ಹೈಡಲ್‌ಬರ್ಗಿನ ಸಭೆಯಲ್ಲಿ ಬೇರೊಬ್ಬರು ಓದಿದರು. ಅಲ್ಲಿಗೆ ಹೋಗಲು ಕೊಲ್ಲರನ ಹತ್ತಿರ ದುಡ್ಡಿರಲಿಲ್ಲ. ನ್ಯೂಯಾರ್ಕಿನ ಹಾಲ್‌ಸ್ಟೆಡ್ ನರದ ಬುಡಕ್ಕೇ ಕೊಕೇನ್ ಚುಚ್ಚುವ ದಾರಿ ಕಂಡುಹಿಡಿದ, ತನ್ನ ಮೇಲೂ ಗೆಳೆಯರ ಮೇಲೂ ಪ್ರಯೋಗ ಮಾಡಿ ಕೊಕೇನ್ ಚಟಕ್ಕೆ ಬಿದ್ದ. ಅದನ್ನು ಬಿಡಿಸಲು ಕೊಟ್ಟ ಮಾರ್ಫಿನ್ ಸಾಯುವವರೆಗೂ ಅವನನ್ನು ಬಿಡಲಿಲ್ಲ.

ಕೊಕೇನಿನ ಇನ್ನೊಂದು ತಪ್ಪು, ರಕ್ತಕ್ಕೆ ಬೇಗ ಸೇರಿ ಫಿಟ್ಸ್ ತರಿಸುವುದು. ಅದನ್ನು ಒಂದೇ ಜಾಗದಲ್ಲಿ ಹಿಡಿದಿಡಲು ಜರ್ಮನಿಯ ಹೈನ್‌ರಿಖ್ ಬ್ರೌನ್ 1903ರಲ್ಲಿ ಅಡ್ರಿನಲಿನ್ ಬೆರೆಸಿದ. ಅಡ್ರಿನಲಿನ್ ರಕ್ತನಾಳ ಬಿಗಿಯುತ್ತದೆ, ಔಷಧ ಅಲ್ಲೇ ನಿಲ್ಲುತ್ತದೆ. ಕ್ಲೋರೋಫಾರಂ ಜೊತೆ ಸೇರಿ ಕೊಲ್ಲುತ್ತಿದ್ದ ಅದೇ ಅಡ್ರಿನಲಿನ್ ಇಲ್ಲಿ ಕಾವಲುಗಾರ. ನಮ್ಮ ಲೆಕ್ಕ ಇಂದಿಗೂ ಅದರ ಮೇಲೆ ನಿಂತಿದೆ: ಬರೀ ಲಿಗ್ನೋಕೇನ್ (ಟ್ರೇಯ ಝೈಲೋಕೇನ್ ಅದೇ) ಆದರೆ ಕಿಲೋಗೆ 3 ಮಿಲಿಗ್ರಾಂ, ಅಡ್ರಿನಲಿನ್ ಇದ್ದರೆ 7. ಐವತ್ತು ಕಿಲೋದ ಹೆಂಗಸಿಗೆ 2 ಪರ್ಸೆಂಟಿನದು ಏಳೂವರೆ ಮಿಲಿ ಮೀರುವಂತಿಲ್ಲ; ಅಡ್ರಿನಲಿನ್ ಜೊತೆಗಾದರೆ ಹದಿನೇಳೂವರೆ. ಮೀರಿದರೆ ಮೊದಲು ನಾಲಗೆ ಜೋಮು, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಆಮೇಲೆ ಫಿಟ್ಸ್. ಆದ್ದರಿಂದ ಲೋಕಲ್ ಕೊಡುವಾಗ ನಾನು ರೋಗಿಯ ಜೊತೆ ಮಾತು ನಿಲ್ಲಿಸುವುದಿಲ್ಲ. ಎಷ್ಟು ಎಕರೆ, ನಾಲೆ ನೀರು ಬಂತಾ, ಮಗಳ ಮದುವೆ ಎಲ್ಲಿಗೆ. ಮಾತು ತೊದಲಿದರೆ ಸರ್ಜನ್ ಕೈ ಹಿಡಿಯುತ್ತೇನೆ. ಬೆರಳಿಗೆ ಮಾತ್ರ ಅಡ್ರಿನಲಿನ್ ವಯಲ್ ಮುಟ್ಟಬಾರದು, ರಕ್ತ ನಿಂತು ಬೆರಳು ಕಪ್ಪಾದೀತು ಎಂದು ನಮಗೆ ಹೊಡೆದು ಕಲಿಸಿದ್ದರು.

1905ರಲ್ಲಿ ಕೊಕೇನಿನ ಚಟವಿಲ್ಲದ ಪ್ರೊಕೇನ್, ಅಂದರೆ ನೋವೊಕೇನ್ ಬಂತು. ಬೇಗ ಇಳಿದುಹೋಗುತ್ತಿತ್ತು, ಕೆಲವರಿಗೆ ಅಲರ್ಜಿ. ಅದರ ಜಾಗ ಹಿಡಿದ ಲಿಗ್ನೋಕೇನ್ ಕಥೆ ಶುರುವಾಗುವುದು ಬಾರ್ಲಿ ಗದ್ದೆಯಿಂದ. ಸ್ವೀಡನ್ನಿನಲ್ಲಿ ಬಾರ್ಲಿ ಗಿಡದ ಗ್ರಾಮಿನ್ ಎಂಬ ಸತ್ವವನ್ನು ತಯಾರಿಸಲು ಹೋದವರೊಬ್ಬರಿಗೆ ಅದರ ಅಣ್ಣತಮ್ಮನಂಥ ಇನ್ನೊಂದು ವಸ್ತು ಸಿಕ್ಕಿತು. ನಾಲಗೆಗೆ ಮುಟ್ಟಿಸಿ ನೋಡಿದರೆ ನಾಲಗೆ ಜೋಮು ಹಿಡಿಯಿತು. ಆ ಎಳೆ ಹಿಡಿದು ನಿಲ್ಸ್ ಲಾಫ್‌ಗ್ರೆನ್ 1943ರಲ್ಲಿ ಲಿಗ್ನೋಕೇನ್ ಮಾಡಿದ. ಅವನ ಜೊತೆಗಾರ ಬೆಂಗ್ಟ್ ಲುಂಡ್‌ಕ್ವಿಸ್ಟ್ ಅದನ್ನು ತನ್ನ ಮೈಗೇ ಚುಚ್ಚಿಕೊಂಡು ನೋಡಿದ. ಅಸ್ಟ್ರಾ ಕಂಪನಿ 1948ರಲ್ಲಿ ಝೈಲೋಕೇನ್ ಹೆಸರಿನಲ್ಲಿ ಮಾರಿತು. 1979ರಲ್ಲಿ ಅಸ್ಟ್ರಾ-ಐಡಿಎಲ್ ಎಂದು ಆ ಕಂಪನಿ ಬೆಂಗಳೂರಿಗೇ ಬಂತು. ಕೆಲವರಿಗೆ ಮದ್ದೂರು ಎಂದರೆ ವಡೆ. ನನಗೆ ಬೆಂಗಳೂರಿನಿಂದ ಬಂದ ಝೈಲೋಕೇನ್ ಪೆಟ್ಟಿಗೆಗಳನ್ನು ಬಸ್ಸಿಂದ ಇಳಿಸಿ ಮಳವಳ್ಳಿ ಬಸ್ಸಿಗೆ ಏರಿಸುವ ಜಾಗ.

ಕಬ್ಬು ಅರೆಯುವ ಕಾಲದಲ್ಲಿ ಅದರ ಬೆಲೆ ತಿಳಿಯುತ್ತಿತ್ತು. ಆಲೆಮನೆಯ ಗಾಣಕ್ಕೆ ಕಬ್ಬು ತಳ್ಳುವವನ ಕೈ ಕಬ್ಬಿನ ಜೊತೆ ಒಳಗೆ ಹೋಗುತ್ತದೆ. ಸಾಮಾನ್ಯವಾಗಿ ನಸುಕಿನಲ್ಲಿ, ನಿದ್ದೆಗಣ್ಣಿನಲ್ಲಿ. ಬೆಲ್ಲದ ಪಾಕ, ರಕ್ತ, ಕಬ್ಬಿನ ಸಿಪ್ಪೆ ಮೆತ್ತಿಕೊಂಡ ಕೈ ಹಿಡಿದುಕೊಂಡು ಟೆಂಪೋದಲ್ಲಿ ಬರುತ್ತಿದ್ದರು. ಹೊಟ್ಟೆ ತುಂಬ ಉಂಡಿರುತ್ತಾರೆ, ಕೆಲವರು ಕುಡಿದೂ ಇರುತ್ತಾರೆ. ಪ್ರಜ್ಞೆ ತಪ್ಪಿಸಿದರೆ ಮೆಂಡೆಲ್ಸನ್ ಹೇಳಿದ್ದೇ ಆಗುವುದು. ಕೊರಳ ಬುಡದಲ್ಲಿ ಹೆಗಲೆಲುಬಿನ ಮೇಲೆ ತೋಳಿನ ನರಗಳೆಲ್ಲ ಒಂದು ಕಡೆ ಸೇರುವ ಜಾಗವಿದೆ. ಜರ್ಮನಿಯ ಕುಲೆನ್‌ಕಾಂಪ್ಫ್ 1911ರಲ್ಲಿ ಅಲ್ಲಿಗೆ ಸೂಜಿ ಹಾಕುವುದನ್ನು ತನ್ನ ಮೇಲೇ ಮಾಡಿಕೊಂಡು ತೋರಿಸಿದ. ಸೂಜಿ ನರಕ್ಕೆ ತಾಗಿದಾಗ “ಬೆಳ್ಳಿಗೆ ಕರೆಂಟ್ ಹೊಡ್ದಂಗಾಯ್ತು” ಎನ್ನಬೇಕು, ಆಗ ಔಷಧ ಬಿಡಬೇಕು. ಒಂದು ಅಂಗುಲ ತಪ್ಪಿದರೆ ಶ್ವಾಸಕೋಶದ ತುದಿ. ಹದಿನೈದು ನಿಮಿಷಕ್ಕೆ ತೋಳು ಮರದ ಕೊಂಬೆಯಾಗುತ್ತದೆ. ಕೈ ತನ್ನದಲ್ಲ ಎಂಬಂತೆ ಬಿದ್ದಿರುವುದನ್ನು ನೋಡಿ ಅವರು ಅಳುವುದು ನೋವಿಗಲ್ಲ, ಅದು ಹೋಯಿತೇ ಎಂದು.

ಒಂದು ಕಡೆ ಮಾತ್ರ ಈ ಔಷಧ ಸೋಲುತ್ತದೆ. ಕುರುವಿನ ಸುತ್ತ ಎಷ್ಟು ಚುಚ್ಚಿದರೂ ಹಿಡಿಯುವುದಿಲ್ಲ. ನರದ ಗೋಡೆಯಲ್ಲಿ ಸೋಡಿಯಂ ನುಗ್ಗುವ ಬಾಗಿಲುಗಳಿವೆ. ಅವು ತೆರೆದರೆ ನೋವಿನ ಸುದ್ದಿ ಸಾಗುತ್ತದೆ. ಲಿಗ್ನೋಕೇನ್ ಅದನ್ನು ಒಳಗಡೆಯಿಂದ ಮುಚ್ಚಬೇಕು. ಒಳಗೆ ಹೋಗಬೇಕಾದರೆ ಅದರ ಮೇಲೆ ವಿದ್ಯುತ್ ಆವೇಶ ಇರಬಾರದು. ಕೀವು ತುಂಬಿದ ಜಾಗ ಆಮ್ಲಮಯ, ಅಲ್ಲಿ ಔಷಧ ಆವೇಶ ತಳೆದು ಗೋಡೆಯ ಹೊರಗೇ ಉಳಿಯುತ್ತದೆ. ಇದು ತಿಳಿಯದ ಕಾಲದಲ್ಲಿ ಕಂಪೌಂಡರುಗಳು “ಇವನದು ಗಟ್ಟಿ ಮೈ, ಸಾರಾಯಿ ಕುಡಿದು ಸೂಜಿ ಹಿಡೀತಿಲ್ಲ” ಎಂದು ರೋಗಿಯನ್ನೇ ಬೈದು ಕುಯ್ದುಬಿಡುತ್ತಿದ್ದರು.

ಬೆನ್ನಿಗೆ ಕೊಡುವ ಸೂಜಿಯನ್ನು ಶುರುಮಾಡಿದವನು ಜರ್ಮನಿಯ ಕೀಲ್ ನಗರದ ಆಗಸ್ಟ್ ಬಿಯರ್, 1898ರ ಆಗಸ್ಟ್ 16ರಂದು, ಕೊಕೇನ್ ಬಳಸಿ. ಎಂಟು ದಿನ ಬಿಟ್ಟು ಅವನೂ ಅವನ ಸಹಾಯಕ ಹಿಲ್ಡೆಬ್ರಾಂಟನೂ ಪರಸ್ಪರ ಚುಚ್ಚಿಕೊಂಡರು. ಸಿರಿಂಜು ಸೂಜಿಗೆ ಸರಿಯಾಗಿ ಕೂರದೆ ಬಿಯರನ ಬೆನ್ನಿನ ನೀರು ಹರಿದುಹೋಯಿತು. ಹಿಲ್ಡೆಬ್ರಾಂಟನಿಗೆ ಔಷಧ ಹಿಡಿಯಿತು. ಮರಗಟ್ಟಿದ ಅವನ ಮೊಣಕಾಲ ಕೆಳಗೆ ಬಿಯರ್ ಸುತ್ತಿಗೆಯಿಂದ ಹೊಡೆದ, ಹೊತ್ತಿದ ಸಿಗಾರು ಇಟ್ಟ. ಸಂಜೆ ಇಬ್ಬರೂ ವೈನು ಕುಡಿದು ಸಿಗಾರು ಸೇದಿ ಸಂಭ್ರಮಿಸಿದರು. ಮಾರನೆಯ ದಿನದಿಂದ ಬಿಯರನಿಗೆ ತಲೆನೋವು, ಎದ್ದು ಕೂರಲಾಗದಷ್ಟು. ಬೆನ್ನಿನ ಸೂಜಿಯ ತಲೆನೋವನ್ನು ಮೊದಲು ಬಣ್ಣಿಸಿದವನೂ ಅವನೇ. ನಾವು ಸಿಸೇರಿಯನ್ ಆದ ಹೆಣ್ಣುಮಕ್ಕಳಿಗೆ ತಲೆದಿಂಬು ಕೊಡದೆ ಮಲಗಿಸುತ್ತಿದ್ದದ್ದು ಆ ಭಯಕ್ಕೆ. ತೆಳ್ಳನೆ ಸೂಜಿಗಳು ಬಂದ ಮೇಲೆ ದಿಂಬು ಕಿತ್ತುಕೊಳ್ಳಲು ಕಾರಣ ಉಳಿಯಲಿಲ್ಲ. ಆದರೂ ಎಷ್ಟೋ ವಾರ್ಡುಗಳಲ್ಲಿ ಇನ್ನೂ ಕಿತ್ತುಕೊಳ್ಳುತ್ತಾರೆ.

‘ಹೆವಿ’ಯಲ್ಲಿ ಭಾರ ತರುವುದು ಸಕ್ಕರೆ, ಡೆಕ್ಸ್ಟ್ರೋಸ್. ಬೆನ್ನುಹುರಿಯ ನೀರಿಗಿಂತ ತೂಕ ಹೆಚ್ಚಿರುವುದರಿಂದ ಔಷಧ ಕೆಳಗೆ ಇಳಿಯುತ್ತದೆ. ಟೇಬಲ್ ಎತ್ತಿ ಇಳಿಸಿ ಎಲ್ಲಿಗೆ ಬೇಕೋ ಅಲ್ಲಿಗೆ ಹರಿಸಬಹುದು. ನೋವಿನ ನರದ ಜೊತೆ ರಕ್ತನಾಳ ಬಿಗಿಹಿಡಿಯುವ ನರವೂ ಮಲಗುವುದರಿಂದ ಬಿ.ಪಿ. ಕುಸಿಯುತ್ತದೆ, ಅದಕ್ಕೆ ಮೊದಲೇ ಡ್ರಿಪ್ಪು, ಆಮೇಲೆ ಮೆಫೆಂಟಿನ್. ಎಷ್ಟು ಹೇಳಿದರೂ ಊರಿನಲ್ಲಿ ಒಂದು ನಂಬಿಕೆ ಹೋಗಲಿಲ್ಲ: ಹೆರಿಗೆಯಲ್ಲಿ ಬೆನ್ನಿಗೆ ಸೂಜಿ ಹಾಕಿಸಿಕೊಂಡವಳಿಗೆ ಜನ್ಮಪೂರ್ತಿ ಸೊಂಟನೋವು. ಮಗು ಎತ್ತಿಕೊಂಡು, ಬಿಂದಿಗೆ ಹೊತ್ತು, ನಾಟಿ ಹಾಕಿ ಬರುವ ಸೊಂಟನೋವಿಗೆಲ್ಲ ನಾನು ಜವಾಬ್ದಾರಿ.

ಮರಗಟ್ಟಿಸುವ ಔಷಧ ಅಗ್ಗವಾದದ್ದು ಒಳ್ಳೆಯದನ್ನೂ ಕೆಟ್ಟದ್ದನ್ನೂ ಮಾಡಿತು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಕಣ್ಣಿನ ಪೊರೆ ತೆಗೆದದ್ದು ಲೋಕಲ್ ಇಲ್ಲದೆ ಕನಸಿನಲ್ಲೂ ಆಗದ ಮಾತು. ಎಮರ್ಜೆನ್ಸಿಯ 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 82 ಲಕ್ಷಕ್ಕೂ ಹೆಚ್ಚು ಸಂತಾನಹರಣ ಆಪರೇಷನ್ ಆದದ್ದೂ ಅದರಿಂದಲೇ. ಪ್ರತಿಯೊಬ್ಬರಿಗೂ ಒಂದು ಅನಸ್ತೇಶಿಯಾ ಡಾಕ್ಟರು ಬೇಕಾಗಿದ್ದರೆ ಯಾವ ಸರ್ಕಾರಕ್ಕೂ ಅಷ್ಟು ಜನರನ್ನು ಅಟ್ಟಿಸಿ ಹಿಡಿಯಲು ಆಗುತ್ತಿರಲಿಲ್ಲ. 1980ರ ದಶಕದ ಲ್ಯಾಪ್ರೋಸ್ಕೋಪಿ ಕ್ಯಾಂಪುಗಳನ್ನು ನಾನು ಕಂಡಿದ್ದೇನೆ. ಜಮಖಾನದ ಮೇಲೆ ಸಾಲಾಗಿ ಹೆಂಗಸರು; ಎಲ್ಲರಿಗೂ ಒಂದೇ ಅಳತೆಯ ಫೋರ್ಟ್‌ವಿನ್ ಎಂಬ ನೋವಿನ ಮದ್ದು, ಫೆನರ್ಗಾನ್, ಅಟ್ರೋಪಿನ್, ಹೊಕ್ಕುಳ ಕೆಳಗೆ ಲಿಗ್ನೋಕೇನ್. ಒಂದು ಕ್ಯಾಂಪಿನಲ್ಲಿ ಮುಂಚಿನ ಸೂಜಿ ಮತ್ತೇರುವಷ್ಟು ಹೊತ್ತು ಕಾಯದೆಯೇ ಟೇಬಲ್ಲಿಗೆ ಹತ್ತಿಸುತ್ತಿದ್ದರು. ಆಪರೇಷನ್ ಮುಗಿದ ಮೇಲೆ ಮತ್ತು ಏರುತ್ತಿತ್ತು. ಮುಕ್ಕಾಲು ಗಂಟೆ ಕಾಯಿರಿ ಎಂದೆ. ಟಾರ್ಗೆಟ್ ಹೇಳಿದರು.

ಈಥರ್ ಬಾಟಲಿ ಯಾವ ವರ್ಷ ಶೆಲ್ಫಿನಿಂದ ಮಾಯವಾಯಿತೋ ಗಮನಿಸಲಿಲ್ಲ. ಅದರ ಜೊಲ್ಲಿಗಾಗಿ ಬಂದ ಅಟ್ರೋಪಿನ್ ಮಾತ್ರ ಪ್ರತಿ ರೋಗಿಗೂ ಬೀಳುತ್ತಲೇ ಇತ್ತು. ಕೆಟಮಿನ್‌ಗೂ ಜೊಲ್ಲಿನ ಚಾಳಿ ಇದ್ದದ್ದರಿಂದ ಅಲ್ಲಿ ಅದಕ್ಕೆ ಕೆಲಸವಿತ್ತು. ಬರೀ ಬೆನ್ನಿನ ಸೂಜಿಯಲ್ಲಿ ಹರ್ನಿಯಾ ಮಾಡಿಸಿಕೊಳ್ಳುವ ಮುದುಕನ ಬಾಯಿ ಏಕೆ ಆರಬೇಕು? ನೇಮ ಹಾಗಿತ್ತು, ಅಷ್ಟೆ. ಹೈದರಾಬಾದಿನಲ್ಲಿ ಲಾರಿ ಜಗಳಾಡಿದ ಕ್ಲೋರೋಫಾರಮಿನ ಸಲುವಾಗಿ ಹುಟ್ಟಿದ ಪದ್ಧತಿ, ಕ್ಲೋರೋಫಾರಂ ಕಣ್ಣಲ್ಲೂ ಕಾಣದ ರೋಗಿಗಳ ಮೇಲೆ ದಶಕಗಟ್ಟಲೆ ನಡೆಯಿತು. ನಾನು ಒಂದೊಂದಾಗಿ ಬಿಟ್ಟೆ. ಮೊದಲು ಪೆಥಿಡಿನ್, ಆಮೇಲೆ ಮಾಂಸಖಂಡದ ಚುಚ್ಚು, ಕಡೆಗೆ ಅಟ್ರೋಪಿನ್. ಈಗ ಆಪರೇಷನ್ನಿಗೆ ಎರಡು ಗಂಟೆ ಮುಂಚಿನವರೆಗೆ ನೀರು ಕುಡಿಯಲು ಬಿಡುತ್ತೇನೆ. ಹಿಂದಿನ ಸಂಜೆ ಹೋಗಿ ಮಂಚದ ಪಕ್ಕ ಕೂತು ಏನು ಮಾಡುತ್ತೇವೆ ಎಂದು ಬಿಡಿಸಿ ಹೇಳಿದರೆ ಭಯಕ್ಕೆ ಪೆಥಿಡಿನ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೆ ಯಾರೂ ಫೀಸು ಕೊಡುವುದಿಲ್ಲ.

ಬೆನ್ನಿಗೆ ಕೊಡುತ್ತಿದ್ದ 5 ಪರ್ಸೆಂಟ್ ಲಿಗ್ನೋಕೇನೂ ಹೋಯಿತು. ಕೆಲವರಿಗೆ ಆಮೇಲೆ ತೊಡೆ, ಪೃಷ್ಠದಲ್ಲಿ ಸೆಳೆತ ಬರುತ್ತದೆ ಎಂದು 1990ರ ದಶಕದಲ್ಲಿ ಗೊತ್ತಾದ ಮೇಲೆ ಅದರ ಜಾಗಕ್ಕೆ ಬುಪಿವಕೇನ್ ಪೂರ್ತಿಯಾಗಿ ಬಂತು. 1957ರಲ್ಲಿ ತಯಾರಾದ ಔಷಧ, ಎರಡು ಮೂರು ಗಂಟೆ ನಿಲ್ಲುತ್ತದೆ. ಅದಕ್ಕೂ ಒಂದು ಚಾಳಿ. ತಪ್ಪಿ ರಕ್ತನಾಳಕ್ಕೆ ಹೋದರೆ ಹೃದಯ ನಿಲ್ಲಿಸುತ್ತದೆ, ನಿಂತದ್ದು ಸುಲಭಕ್ಕೆ ಶುರುವಾಗುವುದಿಲ್ಲ. ಅದಕ್ಕೊಂದು ಪರಿಹಾರವನ್ನು ಅಮೆರಿಕದ ವೈನ್‌ಬರ್ಗ್ 1998ರಲ್ಲಿ ಇಲಿಗಳಲ್ಲಿ ಕಂಡ: ಸೋಯಾ ಎಣ್ಣೆಯ ಬಿಳಿ ಲಿಪಿಡ್ ದ್ರಾವಣವನ್ನು ರಕ್ತಕ್ಕೆ ಸುರಿದರೆ ಬುಪಿವಕೇನ್ ಎಣ್ಣೆಗೆ ಅಂಟಿಕೊಂಡು ಹೃದಯವನ್ನು ಬಿಡುತ್ತದೆ. 2006ರಲ್ಲಿ ಅದು ಮನುಷ್ಯನ ಜೀವವನ್ನೂ ಉಳಿಸಿತು. ಟ್ರೇಗೆ ಇನ್ನೊಂದು ಸಾಮಾನು.

ಮಂಡ್ಯದಲ್ಲಿ ಅದೇ 2006ರಲ್ಲಿ ಮೆಡಿಕಲ್ ಕಾಲೇಜು ಬಂದ ಮೇಲೆ ಹೊಸ ಹುಡುಗರು ಅಲ್ಟ್ರಾಸೌಂಡ್ ಪರದೆಯಲ್ಲಿ ನರ ನೋಡಿಕೊಂಡೇ ಸೂಜಿ ಹಾಕುತ್ತಾರೆ. ಬೆರಳಿಗೆ ಕರೆಂಟು ಹೊಡೆಯಿತೇ ಎಂದು ಕೇಳುವ ಅಗತ್ಯವಿಲ್ಲ. ನಾನು ರಾತ್ರಿಯ ಕೇಸು ಒಪ್ಪುವುದನ್ನು ಬಿಟ್ಟಿದ್ದೇನೆ, ಹಗಲು ಕರೆದರೆ ಹೋಗುತ್ತೇನೆ. ಈ ಸೀಮೆಯ ಒಂದು ನರ್ಸಿಂಗ್ ಹೋಮಿನಲ್ಲಿ ಲಿಪಿಡ್ ಬಾಟಲಿ ಇಲ್ಲದೆ ತೋಳಿಗೆ ಬ್ಲಾಕ್ ಕೊಡುವುದಿಲ್ಲ ಎಂದು ಕೂತೆ.

“ಹೋದ್ಸಲ ತರಿಸಿದ್ದು ಹಂಗೇ ಎಕ್ಸ್‌ಪೈರಿ ಆಗೋಯ್ತಲ್ಲ ಮೇಡಂ, ಒಂದು ತೊಟ್ಟೂ ಬಳಸ್ಲಿಲ್ಲ” ಎಂದರು ಮಾಲೀಕರು.

“ಬಳಸದೇ ಇದ್ದದ್ದು ನಿಮ್ಮ ಪುಣ್ಯ. ಇನ್ನೊಂದು ತರಿಸಿ” ಎಂದೆ.

ತರಿಸಿದರು. ಬಾಟಲಿಯ ದುಡ್ಡನ್ನು ಆ ತಿಂಗಳ ನನ್ನ ಫೀಸಿನಲ್ಲಿ ಹಿಡಿದುಕೊಂಡರು.